ಆಚೆ ದಡಕ್ಕೂ ಕೇಳಿಸುವ ಕಂಚು

ಐವತ್ತೆರಡನೆಯ ವಯಸ್ಸಿನಲ್ಲಿ ಗಂಡಸು ಏನೇನೋ ಶಪಥ ಮಾಡುತ್ತಾನೆ. ಸಕ್ಕರೆ ಬಿಡುತ್ತೇನೆ ಅನ್ನುತ್ತಾನೆ, ಬೆಳಿಗ್ಗೆ ಎದ್ದು ಓಡುತ್ತೇನೆ ಅನ್ನುತ್ತಾನೆ. ನನ್ನದು ಅಂಥ ಚಿಲ್ಲರೆ ಶಪಥವಲ್ಲ. ಇಡೀ ಫಿನ್ಲೆಂಡಿನಲ್ಲೇ ಅತಿ ಜೋರಾಗಿ ಮೊಳಗುವ ರೈಡ್ ಸಿಂಬಲ್ ಆರಿಸಿ ತರುತ್ತೇನೆ, ಅದರ ಪೆಟ್ಟು ಗಿಟಾರಿನ ಗರ್ಜನೆಯನ್ನು ಸೀಳಿಕೊಂಡು ಹೋಗಿ ಸಭಾಂಗಣದ ಹಿಂದಿನ ಗೋಡೆಗೆ ಬಡಿಯಬೇಕು, ಗೋಡೆಯೇ ‘ಕೇಳಿಸಿತು ಮಾರಾಯ, ಸಾಕು’ ಎಂದು ಕೈಮುಗಿಯಬೇಕು ಎಂದು ಶಪಥ ಮಾಡಿದೆ!

ರೈಡ್ ಎಂದರೆ ಡ್ರಮ್ಮಿನವನ ಬಲಗೈ ಬದಿಗೆ ನಿಲ್ಲುವ ದೊಡ್ಡ ಕಂಚಿನ ತಟ್ಟೆ. ಹೆವಿ ಮೆಟಲ್‌ನಲ್ಲಿ ಅದರ ನಡುವಿನ ಉಬ್ಬಿಗೆ ಕೋಲಿನಿಂದ ಹೊಡೆಯುತ್ತ ಹೋಗಬೇಕು. ಹಾಡಿಗೆ ಕಾಲು ಕೊಡುವುದು ಆ ಪೆಟ್ಟು. ಅದು ಕೇಳಿಸದಿದ್ದರೆ ಡ್ರಮ್ಮಿನವನು ದೂರದಲ್ಲಿ ಯಾರೋ ಸೊಳ್ಳೆ ಓಡಿಸುತ್ತಿರುವಂತೆ ಕಾಣುತ್ತಾನೆ. ನಾನು ಡ್ರಮ್ಮು ಹೊಡೆದಷ್ಟು ಕಾಲವೂ ಸೊಳ್ಳೆ ಓಡಿಸಿದವನು.

೧೯೮೯ರಲ್ಲಿ ನಮ್ಮ ಈಸಾಲ್ಮಿ ಊರಿನಲ್ಲಿ ‘ಕಬ್ಬಿಣದ ತೋಳ’ ಎಂಬ ತಂಡವಿತ್ತು. ಮೂರೇ ಜನ. ರೈಮೊ ಗಿಟಾರ್ ಹಿಡಿದು ಹಾಡುತ್ತಿದ್ದ; ಹಾಡುತ್ತಿದ್ದ ಎನ್ನುವುದು ಸ್ನೇಹದ ಮಾತು. ಕೌಕೊ ಬಾಸ್ ಗಿಟಾರ್ ನುಡಿಸುತ್ತಿದ್ದ. ನಾನು, ಇಲ್ಪೊ, ಡ್ರಮ್ಮು. ಮೂವರಿಗೂ ಸೊಂಟದವರೆಗೆ ಕೂದಲು. ಓಡಾಟಕ್ಕೆ ಹಾಲಿನ ಡೈರಿಯವರು ಕೈಬಿಟ್ಟ ಒಂದು ವ್ಯಾನು. ಅದರೊಳಗೆ ಹುಳಿ ಹಾಲಿನ ವಾಸನೆ ಹೋಗಲೇ ಇಲ್ಲ. ಇವತ್ತಿಗೂ ಊಟದ ಜೊತೆ ಒಂದು ಲೋಟ ಮಜ್ಜಿಗೆ ಎತ್ತಿದರೆ ನನಗೆ ಹಿಮದ ರಸ್ತೆ, ಒದ್ದೆ ತೊಗಲಿನ ಜಾಕೆಟ್ಟು, ಹಿಂದಿನ ಸೀಟಿನಲ್ಲಿ ಬಾಸನ್ನು ಮಗುವಿನಂತೆ ತಬ್ಬಿ ಮಲಗಿದ ಕೌಕೊ, ಎಲ್ಲ ಒಟ್ಟಿಗೆ ನೆನಪಾಗಿ ಗಂಟಲು ಕಟ್ಟುತ್ತದೆ. ಕಾರಣ ಮಜ್ಜಿಗೆ ಎಂದು ಹೇಳಲು ನಾಚಿಕೆಯಾಗಿ ಮೀನಿನ ಮುಳ್ಳು ಎನ್ನುತ್ತೇನೆ.

ಒಂದೇ ಒಂದು ಕ್ಯಾಸೆಟ್ ಮಾಡಿದೆವು. ಅದರಲ್ಲಿ ನನ್ನ ರೈಡ್ ಎಲ್ಲಿದೆ ಎಂದು ಇನ್ನೂ ಹುಡುಕುತ್ತಿದ್ದೇನೆ.

ಕೂದಲು ಹೋಯಿತು, ವ್ಯಾನು ಹೋಯಿತು, ತಂಡವೂ ತನ್ನಷ್ಟಕ್ಕೆ ನಿಂತುಹೋಯಿತು. ರೈಮೊ ಕೊಳಾಯಿ ಕೆಲಸ ಹಿಡಿದ. ಕೌಕೊ ಮರದ ಕಾರ್ಖಾನೆ ಸೇರಿದ. ನಾನು ಸಂಚಾರಿ ಗ್ರಂಥಾಲಯದ ಬಸ್ಸು ಓಡಿಸುವವನಾದೆ. ದಿನವಿಡೀ ಪಿಸುಮಾತು ನನ್ನ ಉದ್ಯೋಗ. ಹಾಗಿರುವಾಗ ಈ ಬೇಸಿಗೆಯಲ್ಲಿ ನಮ್ಮೂರ ಯುವಕ ಸಂಘದ ಸಭಾಂಗಣಕ್ಕೆ ನೂರು ವರ್ಷ ತುಂಬಿತು. ಅಲ್ಲಿ ಆಗಸ್ಟಿನಲ್ಲಿ ಒಂದೇ ಒಂದು ಸಂಜೆ ತೋಳ ಮತ್ತೆ ಊಳಿಡಬೇಕೆಂದು ಕರೆ ಬಂತು.

ಅಭ್ಯಾಸಕ್ಕೆ ರೈಮೊ ವಾಸವಿರುವ ವಠಾರದ ನೆಲಮಾಳಿಗೆಯಲ್ಲಿ ಬಾಂಬು ಬಿದ್ದರೆ ಅಡಗುವ ಕೋಣೆ ಸಿಕ್ಕಿತು. ಯುದ್ಧ ಬಂದರೆ ಅದು ಜನರಿಗೆ, ಬರುವವರೆಗೆ ಸ್ಕೀ ಹಲಗೆಗಳಿಗೂ ಮೆಟಲ್ ತಂಡಗಳಿಗೂ. ಮೊದಲ ಶನಿವಾರ ಎರಡು ತಾಸು ನುಡಿಸಿದೆವು. ಮುಗಿದ ಮೇಲೆ ರೈಮೊ ಚೀಲದಿಂದ ಒಂದು ಪುಟ್ಟ ಪೆಟ್ಟಿಗೆ ತೆಗೆದು ನನ್ನ ಮುಂದಿಟ್ಟ.

“ಏನಿದು?”

“ತಾಳದ ಯಂತ್ರ. ಬೆನ್ನು ನೋವು ಅನ್ನಲ್ಲ, ಕಾಫಿ ಕೇಳಲ್ಲ. ನೋಡು ಇಲ್ಪೊ, ನಿನ್ನ ರೈಡ್ ನನಗೆ ಆವತ್ತೂ ಕೇಳಿಸಲಿಲ್ಲ, ಇವತ್ತೂ ಕೇಳಿಸಲಿಲ್ಲ. ಇನ್ನೊಂದು ವಾರ ಕೊಡ್ತೀನಿ. ಬರೋ ಶನಿವಾರನೂ ಕೇಳಿಸಲಿಲ್ಲ ಅಂದ್ರೆ ನಿನ್ನ ಸ್ಟೂಲಿನ ಮೇಲೆ ಇದು ಕೂರುತ್ತೆ.”

ರೈಮೊ ಬಾಸಿನ ಕಡೆ ತಿರುಗಿದ. “ಇನ್ನು ನೀನು, ಕೌಕೊ. ಎಳೀಬೇಡ ಅಂತ ಎಷ್ಟು ಸಲ ಹೇಳ್ಲಿ? ಹಾಡು ಕುದುರೆ ಹಾಗೆ ಹೊರಡುತ್ತೆ, ಮುಗಿಯೋ ಹೊತ್ತಿಗೆ ಶವಯಾತ್ರೆ.”

“ಹ್ಞೂಂ,” ಎಂದ ಕೌಕೊ. ಮೂವತ್ತು ವರ್ಷದ ಹಿಂದೆಯೂ ಆ ಬೈಗುಳಕ್ಕೆ ಅವನ ಉತ್ತರ ಅದೇ. ಕೌಕೊಗೆ ವರ್ಷಕ್ಕೆ ಒಂದು ಡಜನ್ ಮಾತು ಸಾಕು.

ಮನೆಗೆ ಬಂದು ಹೆಂಡತಿ ಸೈಯಾಳ ಮುಂದೆ ದುಃಖ ತೋಡಿಕೊಂಡೆ.

“ಆವತ್ತು ನೀನು ಮೊದಲ ಸಾಲಲ್ಲೇ ನಿಂತಿದ್ದೆ. ನಿಜ ಹೇಳು, ನನ್ನ ರೈಡ್ ಕೇಳಿಸ್ತಿತ್ತಾ?”

“ಇಲ್ಲ.”

“ಮತ್ತೆ ಏನು ನೋಡಿ ಮದುವೆ ಆದೆ?”

“ಕೂದಲು ಚೆನ್ನಾಗಿತ್ತು,” ಎಂದಳು ಸೈಯಾ, ನನ್ನ ನೆತ್ತಿಯನ್ನು ನೋಡದಿರಲು ಪ್ರಯತ್ನಿಸುತ್ತ.

ಮೇಲೆ ಹೇಳಿದ ಶಪಥ ಹುಟ್ಟಿದ್ದು ಆ ಘಳಿಗೆಯಲ್ಲಿ.

ಸೋಮವಾರ ಕುವೋಪಿಯೊ ನಗರದ ವಾದ್ಯದಂಗಡಿಗೆ ಹೋದೆ. ಅಂಗಡಿಯ ಓಸ್ಮೊ ನನ್ನನ್ನು ಮೇಲಿಂದ ಕೆಳಗೆ ನೋಡಿ, “ಎಷ್ಟು ಜೋರು ಬೇಕು?” ಎಂದು ಕೇಳಿದ.

“ಇರೋದ್ರಲ್ಲೇ ಜೋರು.”

ಓಸ್ಮೊ ಮೂರು ತಟ್ಟೆ ಇಳಿಸಿದ. ಮೊದಲನೆಯದು ಹೊಳೆಹೊಳೆಯುವ ಅಗಲದ ಸುಂದರಿ. ಎರಡನೆಯದು ಗಂಭೀರ, ಮಧ್ಯಮ ಗಾತ್ರ. ಮೂರನೆಯದಕ್ಕೆ ಹೊಳಪೇ ಇಲ್ಲ. ಮಣ್ಣಿನಿಂದ ಈಗಷ್ಟೇ ಅಗೆದು ತೆಗೆದಂತಿತ್ತು. ದಪ್ಪ, ಭಾರ, ನಡುವೆ ಒಂದು ದೊಡ್ಡ ಬನ್ನಿನಷ್ಟು ಉಬ್ಬು. “ಇದನ್ನ ಜನ ಹೊಡೆದು ನೋಡ್ತಾರೆ, ಮತ್ತೆ ಅಲ್ಲೇ ಇಟ್ಟು ಹೋಗ್ತಾರೆ,” ಎಂದ ಓಸ್ಮೊ. ಮೂರನ್ನೂ ಮನೆಗೆ ಒಯ್ದು ಪರೀಕ್ಷಿಸಿ, ಒಂದು ವಾರದೊಳಗೆ ಬೇಡವಾದದ್ದನ್ನು ಚೊಕ್ಕವಾಗಿ ಒರೆಸಿ ತರಬೇಕೆಂಬ ಕರಾರಿನ ಮೇಲೆ ಕೊಟ್ಟ.

ಮನೆಯಲ್ಲಿ ಸುಂದರಿಯನ್ನು ಸ್ಟ್ಯಾಂಡಿಗೇರಿಸಿ ನಾಲ್ಕೇ ನಾಲ್ಕು ಪೆಟ್ಟು ಹೊಡೆದೆ. ಯಾರೂ ಬಾಗಿಲು ತಟ್ಟಲಿಲ್ಲ; ನಮ್ಮ ವಠಾರದಲ್ಲಿ ಹಾಗೆಲ್ಲ ಬಾಗಿಲು ತಟ್ಟುವವರಿಲ್ಲ. ಅರ್ಧ ತಾಸಿನ ನಂತರ ಮೆಟ್ಟಿಲ ಬಳಿಯ ಸೂಚನಾ ಫಲಕದಲ್ಲಿ ಒಂದು ಚೀಟಿ ಕಂಡಿತು: “ಮಾನ್ಯ ನೆರೆಯವರೇ, ನಿಮ್ಮ ಮನೆಯಲ್ಲಿ ಏನೋ ಬಿದ್ದಿದೆ. ನಾಲ್ಕು ಸಲ ಬಿದ್ದಿದೆ. ದಯವಿಟ್ಟು ಅದನ್ನು ನೆಲದ ಮೇಲೆಯೇ ಬಿಟ್ಟುಬಿಡಿ.”

“ಇಲ್ಲಿ ಆಗಲ್ಲ,” ಎಂದೆ ಸೈಯಾಗೆ. “ಹತ್ತಿರ ಕೂತವನಿಗೆ ಯಾವ ತಟ್ಟೆಯಾದ್ರೂ ಜೋರೇ. ದೂರದ ಕಿವಿ ಬೇಕು. ಮಧ್ಯೆ ಗೋಡೆ ಇರಬಾರದು, ಚೀಟಿ ಬರೆಯೋರು ಇರಬಾರದು.”

“ಅಂದ್ರೆ ಸರೋವರ,” ಎಂದಳು ಸೈಯಾ. “ಅಂದ್ರೆ ನನ್ನ ತವರಿನ ಜಾಗ. ಅಂದ್ರೆ ಹುಟ್ಟು ಹಾಕೋಳು ನಾನು.”

“ನಿನ್ನ ಕಿವಿ ನನ್ನ ಕಿವಿಗಿಂತ ಚುರುಕು.”

“ಹೊಗಳಿ ದೋಣಿ ಹತ್ತಿಸೋದನ್ನ ನಿನ್ನಿಂದ ಕಲೀಬೇಕು.”

ಸೈಯಾ ಹುಟ್ಟಿ ಬೆಳೆದ ಹೊಲಮನೆ ಸರೋವರದ ದಂಡೆಯಲ್ಲಿದೆ. ಹೊಲ ಯಾವತ್ತೋ ಮಾರಿಹೋಗಿ, ಉಳಿದ ಮನೆ, ಕಣಜ, ಸೌನಾ ಎಂಬ ಹಬೆಸ್ನಾನದ ಕೋಣೆ ಈಗ ನಮ್ಮ ಬೇಸಿಗೆ ರಜೆಯ ಆಸ್ತಿ. ಬುಧವಾರ ಬೆಳಿಗ್ಗೆ ಹೋದೆವು. ನೀರು ಕನ್ನಡಿಯಂತಿತ್ತು. ಅದಕ್ಕೆ ಏಟು ಕೊಡಲು ಬಂದಿದ್ದೇನಲ್ಲ ಎಂದು ಒಂದು ಕ್ಷಣ ಸಂಕೋಚವೂ ಆಯಿತು. ದೋಣಿ ಕಟ್ಟುವ ಹಲಗೆ ಸೇತುವೆಯ ತುದಿಯಲ್ಲಿ ಸ್ಟ್ಯಾಂಡ್ ಊರಿದೆ. ಸೈಯಾ ಹುಟ್ಟು ಹಾಕುತ್ತ ನಡು ಸರೋವರಕ್ಕೆ ಹೋದಳು. ಒಪ್ಪಂದ ಸರಳ: ಪೆಟ್ಟು ಸ್ಪಷ್ಟವಾಗಿ ಕೇಳಿಸಿದರೆ ಅವಳು ಹುಟ್ಟನ್ನು ಮೇಲೆತ್ತಬೇಕು.

ಮೊದಲು ಸುಂದರಿ. ಹುಟ್ಟು ಅರ್ಧಕ್ಕೆ ಎದ್ದು, ಯೋಚಿಸಿ, ಮತ್ತೆ ಕೆಳಗಿಳಿಯಿತು. ಆಮೇಲೆ ಗಂಭೀರ. ಹುಟ್ಟು ನಿಧಾನಕ್ಕೆ ಮೇಲೆದ್ದಿತು, ಪರೀಕ್ಷೆಯಲ್ಲಿ ಮೂವತ್ತೈದು ಅಂಕ ಕೊಡುವ ಮೇಷ್ಟರ ಕೈಯಂತೆ. ಕೊನೆಗೆ ಆ ಮಣ್ಣುಬಣ್ಣದವನನ್ನು ಏರಿಸಿ, ಉಬ್ಬಿನ ಮೇಲೆ ಹೊಡೆದೆ. ನನ್ನ ಹಲ್ಲುಗಳು ಕದಲಿದವು. ಸೇತುವೆಯ ಕೆಳಗಿದ್ದ ಮೀನಿನ ಸಂಸಾರವೊಂದು ವಲಸೆ ಹೋಯಿತು.

ಹುಟ್ಟು ಅಲುಗಲಿಲ್ಲ.

ಇದೇನು ಸೋಜಿಗ? ಇನ್ನೂ ಜೋರಾಗಿ ಹೊಡೆದೆ. ಮೂರು ಪೆಟ್ಟು, ನಿಂತು ನೋಡುವುದು. ಮತ್ತೆ ಮೂರು ಪೆಟ್ಟು, ನಿಂತು ನೋಡುವುದು. ಸೈಯಾ ದೋಣಿಯಲ್ಲಿ ನನಗೆ ಬೆನ್ನು ಹಾಕಿ ಶಿಲೆಯಂತೆ ಕೂತಿದ್ದಳು. ತಾಳದ ಯಂತ್ರ ನನ್ನ ಸ್ಟೂಲಿನ ಮೇಲೆ ಕೂತು ಕಾಲಾಡಿಸುವುದು ಕಣ್ಣಿಗೆ ಕಟ್ಟಿತು. ಅಂಗಿ ಬಿಚ್ಚಿ ಎಸೆದೆ. ಕಾಲು ತಾಸು, ದೇವರಾಣೆ, ಬಿಡದೆ ಹೊಡೆದೆ. ಮೂರು ಪೆಟ್ಟು, ಬಿಡುವು. ಮೂರು ಪೆಟ್ಟು, ಬಿಡುವು.

ಕೊನೆಗೆ ದೋಣಿ ತಿರುಗಿತು. ಹತ್ತಿರ ಬಂದಾಗ ನೋಡಿದರೆ ಸೈಯಾಳ ಕಣ್ಣು ಕೆಂಪಗಿತ್ತು.

“ಕೇಳಿಸಲೇ ಇಲ್ವಾ?”

“ಕೇಳಿಸಿತು.”

“ಮತ್ತೆ ಹುಟ್ಟು ಯಾಕೆ ಎತ್ತಲಿಲ್ಲ?”

“ಅಮ್ಮ ಕರೆದ ಹಾಗಾಯ್ತು, ಇಲ್ಪೊ. ಹುಟ್ಟು ಕೈಯಲ್ಲಿರೋದೇ ಮರೆತುಹೋಯ್ತು.” ಅವಳು ಕಣಜದ ಮಾಡಿನ ಕಡೆ ಕೈ ತೋರಿಸಿದಳು. “ಅಲ್ಲಿ ಗಂಜಿ ಗಂಟೆ ಇತ್ತಲ್ಲ, ಈಗ ಊರ ಮ್ಯೂಸಿಯಮ್ಮಿನಲ್ಲಿದೆ ನೋಡು, ಅದರ ದನಿ ಥೇಟ್ ಇದೇ. ಹುಲ್ಲು ಕೊಯ್ಯೋ ಕಾಲದಲ್ಲಿ ಹನ್ನೊಂದಕ್ಕೆ ಸರಿಯಾಗಿ ಅಮ್ಮ ಹೊಡೆಯೋಳು. ಮೂರು ಪೆಟ್ಟು, ಬಿಡುವು. ಮೂರು ಪೆಟ್ಟು, ಬಿಡುವು. ಆಚೆ ದಡದ ಹೊಲದಲ್ಲಿದ್ದೋರೂ ಕುಡುಗೋಲು ಬಿಟ್ಟು, ದೋಣಿ ಹತ್ತಿ ಊಟಕ್ಕೆ ಬರೋರು.”

ನಾನು ಗಡಿಯಾರ ನೋಡಿದೆ. ಹನ್ನೊಂದೂಕಾಲು. ಆಮೇಲೆ ಅವಳ ಹಿಂದೆ ನೀರಿನ ಕಡೆ ನೋಡಿದೆ.

ನಾಲ್ಕು ದೋಣಿಗಳು ಬರುತ್ತಿದ್ದವು.

ಒಟ್ಟು ಒಂಬತ್ತು ಜನ. ಎಪ್ಪತ್ತಕ್ಕಿಂತ ಕಡಿಮೆಯವರು ಒಬ್ಬರೂ ಇಲ್ಲ. ಮುಂದಿನ ದೋಣಿಯಲ್ಲಿ ಲೆಂಪಿ, ವಯಸ್ಸು ಎಂಬತ್ತನಾಲ್ಕು, ಹುಟ್ಟು ಹಾಕಿದ್ದು ಅವಳೇ. ಯಾರೂ ಯಾಕೆ ಬಂದೆವೆಂದು ಹೇಳಲಿಲ್ಲ. ನಾವೂ ಕೇಳಲಿಲ್ಲ. ನಮ್ಮ ಕಡೆ ಅಂಥದ್ದನ್ನೆಲ್ಲ ಕೇಳುವ ಪದ್ಧತಿಯಿಲ್ಲ. ಬಂದವರು ಅಂಗಳದ ಉದ್ದ ಬೆಂಚಿನ ಮೇಲೆ ಸಾಲಾಗಿ ಕೂತರು. ನಲವತ್ತು ವರ್ಷದ ಹಿಂದೆ ಯಾರ ಪಕ್ಕ ಯಾರು ಕೂರುತ್ತಿದ್ದರೋ ಹಾಗೆಯೇ ಕೂತರಂತೆ. ನಡುವೆ ಅಲ್ಲಲ್ಲಿ ಜಾಗ ಬಿಟ್ಟಿದ್ದರು. ಆ ಜಾಗ ಯಾರ್ಯಾರದೆಂದು ಸೈಯಾಗೆ ಗೊತ್ತಿತ್ತು.

“ಗಾಳಿ ಇಲ್ಲ,” ಎಂದಳು ಲೆಂಪಿ.

“ಇಲ್ಲ,” ಎಂದೆ ನಾನು, ಅಂಗಿ ಹುಡುಕುತ್ತ.

ಅವಳ ಪಕ್ಕದ ವಿಲ್ಹೊ, ತೊಂಬತ್ತರ ಹತ್ತಿರದವನು, ಕೋಟಿನ ಒಳಜೇಬಿನಿಂದ ಒಂದು ಮರದ ಚಮಚ ತೆಗೆದು ಮಂಡಿಯ ಮೇಲಿಟ್ಟುಕೊಂಡ.

ಇವರು ಊಟಕ್ಕೆ ಬಂದವರೆಂದು ನನಗೆ ಆಗ ಹೊಳೆಯಿತು. ಗಂಟಲು ಸರಿಮಾಡಿಕೊಂಡು, “ನಿಜ ಹೇಳಬೇಕಂದ್ರೆ, ಅದು ಗಂಟೆ ಅಲ್ಲ...” ಎಂದು ಶುರು ಮಾಡಿದ್ದೇ ಸೈಯಾ ನನ್ನ ಕಾಲು ತುಳಿದು ಅಡುಗೆಮನೆಗೆ ಎಳೆದೊಯ್ದಳು.

“ಬಾಯಿ ಮುಚ್ಚು. ಲೆಂಪಿ ಅಷ್ಟು ದೂರ ಹುಟ್ಟು ಹಾಕ್ಕೊಂಡು ಬಂದಿದ್ದಾಳೆ. ನೀನು ಕರೆದಿದ್ದೀಯ, ಅವರು ಬಂದಿದ್ದಾರೆ. ಬಾರ್ಲಿ ಎಲ್ಲಿದೆ?”

“ನಾನು ಕರೀಲಿಲ್ಲ, ಪರೀಕ್ಷೆ ಮಾಡ್ತಿದ್ದೆ.”

“ಕಾಲು ತಾಸು ಕರೆದಿದ್ದೀಯ. ದೊಡ್ಡ ಪಾತ್ರೆ ಇಳಿಸು.”

ಮನೆಯಲ್ಲಿದ್ದದ್ದು ಅರ್ಧ ಪೊಟ್ಟಣ ಬಾರ್ಲಿ, ಒಂದು ಡಬ್ಬಿ ಹಾಲು, ನನ್ನ ಸಂಜೆಯ ಸೌನಾಕ್ಕೆಂದು ತಂದ ಎಂಟು ಸಾಸೇಜು. ಹನ್ನೊಂದು ಜನಕ್ಕೆ ಗಂಜಿಯಾಗಬೇಕು. ಆಯಿತು. ಆದರೆ ಅದರಲ್ಲಿ ಬಾರ್ಲಿ ಹುಡುಕಲು ಬೇರೆ ದೋಣಿ ಬೇಕಿತ್ತು. ನಾನು ಬೆವರುತ್ತ ಕಲಕುತ್ತಿದ್ದಾಗ ಲೆಂಪಿ ಒಳಗೆ ಬಂದಳು. ಬರಿಗೈಯಲ್ಲಿ ಬಂದಿರಲಿಲ್ಲ, ಕಾಗದದಲ್ಲಿ ಸುತ್ತಿದ ಬೆಣ್ಣೆಯುಂಡೆ ತಂದಿದ್ದಳು. ಪಾತ್ರೆಯೊಳಗೆ ಇಣುಕಿದಳು. ಇಡೀ ಬೆಣ್ಣೆಯನ್ನು ಅದಕ್ಕೆ ಹಾಕಿದಳು. ಆಮೇಲೆ ಅತ್ತಿತ್ತ ನೋಡಿ, ಗೋಡೆಗೆ ಒರಗಿಸಿದ್ದ ಸುಂದರಿಯನ್ನು ಎತ್ತಿ ಪಾತ್ರೆಯ ಮೇಲೆ ಮುಚ್ಚಿದಳು.

“ಮುಚ್ಚಳ ಅಗಲವಾಗಿ ಚೆನ್ನಾಗಿದೆ,” ಎಂದಳು. “ಹೊಸದಾ?”

“ಹೊಸದು,” ಎಂದೆ.

“ಮಧ್ಯೆ ತೂತಿದೆಯಲ್ಲೋ. ಅಂಗಡಿಯವನು ಮೋಸ ಮಾಡಿದ್ದಾನೆ. ವಾಪಸ್ ಕೊಡು.”

ಆ ತೂತಿನಿಂದ ಗಂಜಿಯ ಹಬೆ ಹೊಗೆಬಂಡಿಯಂತೆ ಹೊರಡುತ್ತಿತ್ತು. ಓಸ್ಮೊನ ಮುಖ ನೆನೆದು ನಾನು ಕಣ್ಣು ಮುಚ್ಚಿಕೊಂಡೆ.

ಹೊರಗೆ ಎಲ್ಲರೂ ಬಟ್ಟಲು ಹಿಡಿದು ಉಂಡರು. ಚಮಚದ ಸದ್ದು, ನೀರಿನ ಸದ್ದು. ಸೈಯಾ ಅಮ್ಮನ ಜಾಗದಲ್ಲಿ, ಮೆಟ್ಟಿಲ ಮೇಲೆ ನಿಂತು ಬಡಿಸುತ್ತಿದ್ದಳು. ಅವಳನ್ನು ಅಷ್ಟು ಚಂದ ನಾನು ಮೊದಲ ಸಾಲಿನಲ್ಲೂ ನೋಡಿರಲಿಲ್ಲ. ನಾನೂ ಒಂದು ಬಟ್ಟಲು ತೆಗೆದುಕೊಂಡು ವಿಲ್ಹೊನ ಪಕ್ಕ ಕೂತೆ. ಏನೇ ಆಗಲಿ, ನನ್ನ ಸ್ಟೂಲಿನ ಪ್ರಶ್ನೆ ಹಾಗೆಯೇ ಇತ್ತು.

“ಆಚೆ ದಡಕ್ಕೆ ಚೆನ್ನಾಗಿ ಕೇಳಿಸ್ತಾ?” ಎಂದು ಮೆಲ್ಲಗೆ ಕೇಳಿದೆ.

ವಿಲ್ಹೊ ಎರಡನೆಯ ಬಟ್ಟಲು ಮುಗಿಸಿದ ಮೇಲೆ ಉತ್ತರಿಸಿದ. “ಮೊದಲು ಯಾರೋ ತಗಡು ತಟ್ಟಿದ ಹಾಗಾಯ್ತು. ಆಮೇಲೆ ಬಕೆಟ್ ಬಿದ್ದ ಹಾಗೆ. ನಾನು ಏಳಲಿಲ್ಲ.” ಚಮಚ ನೆಕ್ಕಿದ. “ಮೂರನೇದು ಬಂತಲ್ಲ, ಅದಕ್ಕೆ ಎದ್ದೆ. ಕಿವಿಯ ಮಿಷನ್ನು ಮೇಜಿನ ಮೇಲೇ ಇತ್ತು, ಹಾಕ್ಕೊಂಡಿರಲೂ ಇಲ್ಲ.”

ಎದ್ದು ಕುಣಿಯಬೇಕೆನಿಸಿತು! ಕಿವುಡನನ್ನು ಸರೋವರ ದಾಟಿಸಿದ ಕಂಚು ನನ್ನದು. ರೈಮೊನ ಗಿಟಾರು ಅದರ ಮುಂದೆ ಯಾವ ಗಿಡದ ತೊಪ್ಪಲು?

ಹೋಗುವಾಗ ಲೆಂಪಿ ದೋಣಿಯಲ್ಲಿ ಕೂತು, ತಲೆಗೆ ಬಟ್ಟೆ ಕಟ್ಟಿಕೊಳ್ಳುತ್ತ ಕೇಳಿದಳು: “ನಾಳೆನೂ ಹನ್ನೊಂದಕ್ಕೇನಾ?”

ಸೈಯಾ ದಡದಿಂದ ಹೇಳಿದಳು: “ಮುಂದಿನ ವರ್ಷ ಲೆಂಪಿ ಅತ್ತೆ, ಹುಲ್ಲು ಕೊಯ್ಯೋ ಹೊತ್ತಿಗೆ. ಆಗ ಬಾರ್ಲಿ ಜಾಸ್ತಿ ಹಾಕ್ತೀವಿ.”

“ಹಾಕಬೇಕು,” ಎಂದಳು ಲೆಂಪಿ.

ಶನಿವಾರ ಮಣ್ಣುಬಣ್ಣದವನನ್ನು ಕಂಬಳಿಯಲ್ಲಿ ಸುತ್ತಿ, ರಾಜಕುಮಾರನನ್ನು ಪಟ್ಟಕ್ಕೆ ಕರೆದೊಯ್ಯುವಂತೆ ನೆಲಮಾಳಿಗೆಗೆ ಹೊತ್ತುಕೊಂಡು ಹೋದೆ. ತಾಳದ ಯಂತ್ರ ಸ್ಕೀ ಹಲಗೆಗಳ ಪಕ್ಕ ಕಾಯುತ್ತ ಕೂತಿತ್ತು. ಅದರ ಕಡೆ ನೋಡಿ ಮೀಸೆ ತಿರುವಿದೆ; ಮೀಸೆ ಇಲ್ಲದಿದ್ದರೂ ತಿರುವಿದೆ.

ನಾಲ್ಕು ಎಣಿಸಿ ಹೊರಟೆವು. ರೈಮೊ ಗಿಟಾರಿನ ದನಿಯನ್ನು ಕೊನೆಯವರೆಗೆ ತಿರುಗಿಸಿದ್ದ. ಕಾಂಕ್ರೀಟ್ ಗೋಡೆ ನಡುಗುತ್ತಿತ್ತು. ಆ ಗದ್ದಲದ ನಡುವಿನಿಂದ ನನ್ನ ಪೆಟ್ಟು, ಒಂದೊಂದೂ ಬಿಡಿಬಿಡಿಯಾಗಿ, ಎದ್ದು ನಿಂತು ತನ್ನ ಹೆಸರು ಹೇಳಿ ಹೋಗುತ್ತಿತ್ತು. ಇಪ್ಪತ್ತೆರಡು ವರ್ಷದವನಾದೆ. ಕೂದಲು ಸೊಂಟಕ್ಕೆ ಬಡಿಯಿತು. ವ್ಯಾನಿನ ವಾಸನೆ ಬಂತು.

ಹಾಡು ಮುಗಿಯಿತು. ರೈಮೊ ಹುಬ್ಬು ಗಂಟಿಕ್ಕಿ ನಿಂತಿದ್ದ.

“ಕೇಳಿಸಿತಾ?” ಎಂದೆ.

“ಕೇಳಿಸಿತು. ಒಂದೊಂದು ಪೆಟ್ಟೂ ಕೇಳಿಸಿತು.” ಅವನು ತಲೆ ಕೆರೆದುಕೊಂಡ. “ಇನ್ನೊಂದು ಸಲ ಹೊಡಿ. ಕೌಕೊ, ನೀನು ಸುಮ್ಮನಿರು. ನಾನೂ ನುಡಿಸಲ್ಲ. ಇಲ್ಪೊ ಒಬ್ಬನೇ.”

ಏಕವ್ಯಕ್ತಿ ಕಚೇರಿಯ ಗೌರವ! ಹೊಡೆದೆ. ರೈಮೊ ಬಗ್ಗಿ ಯಂತ್ರದ ಗುಂಡಿ ಒತ್ತಿದ. ಅದೂ ಟಕ್ ಟಕ್ ಎನ್ನತೊಡಗಿತು. ಇಬ್ಬರೂ ಒಟ್ಟಿಗೆ, ಹೆಗಲಿಗೆ ಹೆಗಲು ಕೊಟ್ಟು ಹೊರಟೆವು. ಅರ್ಧ ನಿಮಿಷದಲ್ಲಿ ಯಂತ್ರ ಒಂದು ಹೆಜ್ಜೆ ಮುಂದಿತ್ತು. ಎರಡು ನಿಮಿಷದ ಹೊತ್ತಿಗೆ ಯಂತ್ರ ಕುವೋಪಿಯೊ ತಲುಪಿ ಕಾಫಿ ಕುಡಿಯುತ್ತಿತ್ತು. ನಾನಿನ್ನೂ ಈಸಾಲ್ಮಿಯ ನಿಲ್ದಾಣದಲ್ಲಿ ಟಿಕೆಟ್ ಹುಡುಕುತ್ತಿದ್ದೆ.

ಕೋಲು ಕೆಳಗಿಟ್ಟೆ. ಎಂಥ ಕಂಚು ಅದು. ನನ್ನ ಒಂದೊಂದು ತಪ್ಪನ್ನೂ ಸಾರಿ ಸಾರಿ ಹೇಳಿತ್ತು.

ರೈಮೊ ಬಾಸಿನ ಕಡೆ ತಿರುಗಿದ. ಅವನ ದನಿ ಎಂದೂ ಇಲ್ಲದಷ್ಟು ಸಣ್ಣಗಿತ್ತು. “ಕೌಕೊ. ಎಳೀತಿದ್ದದ್ದು ನೀನಲ್ಲ.”

“ಅಲ್ಲ.”

“ಆವತ್ತೂ ಇವತ್ತೂ ನಿನ್ನನ್ನೇ ಬೈದೆನಲ್ಲೋ. ನಿನಗೆ ಗೊತ್ತಿತ್ತಾ?”

“ಗೊತ್ತಿತ್ತು. ನಾನು ಅವನ ಪಕ್ಕದಲ್ಲೇ ನಿಂತಿರ್ತೀನಲ್ಲ. ನನಗೆ ರೈಡ್ ಕೇಳಿಸ್ತಿತ್ತು.”

“ಮತ್ತೆ ಹೇಳಬಾರದಾ?” ಎಂದೆ ನಾನು.

“ಯಾರೂ ಕೇಳಲಿಲ್ಲ.” ಕೌಕೊ ಸ್ವಲ್ಪ ಹೊತ್ತು ತಂತಿ ಒರೆಸಿದ. ವರ್ಷದ ಮಾತೆಲ್ಲ ಅವತ್ತೇ ಖರ್ಚು ಮಾಡಲು ನಿರ್ಧರಿಸಿದವನಂತೆ ಮತ್ತೆ ಬಾಯಿ ತೆರೆದ. “ಅವನು ಹಿಂದೆ ಬೀಳ್ತಿದ್ದ. ಒಬ್ಬನೇ ಬಿದ್ರೆ ಗೊತ್ತಾಗಿಬಿಡುತ್ತೆ. ಜೊತೆಗೆ ನಾನೂ ಬೀಳ್ತಿದ್ದೆ.”

ನನ್ನ ಗಂಟಲಿನಲ್ಲಿ ಏನೋ ಸಿಕ್ಕಿಕೊಂಡಿತು. ಮೀನು ತಿಂದಿರಲಿಲ್ಲ.

“ಹಾಗಾದ್ರೆ ಏನ್ ಮಾಡೋಣ?” ಎಂದ ರೈಮೊ, ಯಂತ್ರದ ಕಡೆ ನೋಡುತ್ತ.

ಕೌಕೊ ನಡೆದು ಹೋಗಿ ಯಂತ್ರದ ತಂತಿ ಕಿತ್ತ. “ಇದರ ಜೊತೆ ನಡೆಯೋಕೆ ನನಗೆ ಬರಲ್ಲ,” ಎಂದ. “ಇದು ಯಾರಿಗೂ ಕಾಯಲ್ಲ.”

ಸೋಮವಾರ ಮೂರೂ ತಟ್ಟೆಗಳನ್ನು ಓಸ್ಮೊನ ಮೇಜಿನ ಮೇಲಿಟ್ಟೆ. ಅವನು ಸುಂದರಿಯನ್ನು ಎತ್ತಿ ಬೆಳಕಿಗೆ ಹಿಡಿದ, ಮೂಗಿನ ಹತ್ತಿರ ತಂದ, ಇನ್ನೊಮ್ಮೆ ತಂದ. ಅಂಚಿನಲ್ಲಿ ಬೆಣ್ಣೆಯ ಜಿಡ್ಡು ಕಂಡಿರಬೇಕು.

“ಜೋರು ಸಾಕಾಗಲಿಲ್ವಾ?” ಎಂದ ಕೊನೆಗೆ.

“ಜಾಸ್ತಿ ಆಯ್ತು.”

ಮೆಟಲ್‌ನವನ ಬಾಯಿಂದ ಆ ಮಾತು ಅವನು ಹಿಂದೆಂದೂ ಕೇಳಿರಲಿಲ್ಲವೆಂದು ಕಾಣುತ್ತದೆ. ಮೇಜಿನ ಮೇಲೆ ಎರಡೂ ಮೊಣಕೈ ಊರಿ ನನ್ನನ್ನೇ ನೋಡಿದ. “ಹಾಗಾದ್ರೆ ಎಂಥದ್ದು ಕೊಡ್ಲಿ?”

ನಾನು ಗ್ರಂಥಾಲಯದ ದನಿಯಲ್ಲಿ ಹೇಳಿದೆ:

“ಬಾಸ್ ನುಡಿಸೋನಿಗೆ ಮಾತ್ರ ಕೇಳಿಸೋ ಅಂಥದ್ದು ಇದ್ರೆ ಕೊಡಿ.”